ಒಂದು ತಪ್ಪು, ಒಂದು ಸರಿ

ನಮ್ಮ ಮನೆಯಲ್ಲಿ ಕಳ್ಳರ ಜಾಡು ಹಿಡಿಯುವ ವಿದ್ಯೆ ಮೊದಲು ಬಂದದ್ದು ಅವ್ವನಿಗೆ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕುವ ರೂಢಿ ಇಲ್ಲ. ಅವ್ವ ಎಲ್ಲಿಗಾದರೂ ಹೋಗಿ ಬಂದರೆ ಚಪ್ಪಲಿ ಬಿಟ್ಟವಳೇ ಅಡುಗೆಮನೆಯ ನಡುವೆ ನಿಂತು ಒಂದು ಸುತ್ತು ನೋಡುತ್ತಾಳೆ.

"ಯಾರೋ ಬಂದು ಹೋಗ್ಯಾರ," ಎನ್ನುತ್ತಾಳೆ.

"ಏನ್ ಹೋಗೇದ?"

"ಏನೂ ಹೋಗಿಲ್ಲ. ರೊಟ್ಟಿ ಬುಟ್ಟಿ ಮ್ಯಾಲಿನ ಅರಿವಿ ಮಡಿಕಿ ಗ್ವಾಡಿ ಕಡಿ ಇತ್ತು. ಈಗ ಬಾಗಿಲ ಕಡಿ ಅದ."

ಸಂಜೆಯೊಳಗೆ ಪಕ್ಕದ ಮನೆಯವರು ತಾವಾಗಿಯೇ ಬಂದು ಎರಡು ರೊಟ್ಟಿ ಒಯ್ದದ್ದನ್ನು ಒಪ್ಪಿಕೊಳ್ಳುತ್ತಿದ್ದರು. ಎಣಿಸಿದರೆ ರೊಟ್ಟಿ ಸರಿಯಾಗಿಯೇ ಇದ್ದ ದಿನಗಳೂ ಇದ್ದವು. ಆಗ ಬಂದವರು ಬುಟ್ಟಿಯ ಬಟ್ಟೆ ಎತ್ತಿ ನೋಡಿ ಬಿಟ್ಟುಹೋಗಿದ್ದರು ಅಂತ ಅವ್ವನ ತೀರ್ಮಾನ. ಇಂಥ ತಾಯಿಯ ಮುಂದೆ ಬೆಳೆದ ನನಗೆ ಬಾಲ್ಯದಲ್ಲಿ ಒಂದು ಬೆಲ್ಲದ ತುಣುಕನ್ನೂ ಕದಿಯಲು ಆಗಲಿಲ್ಲ. ಆ ಸಿಟ್ಟು ಇನ್ನೂ ಇದೆ.

ಮುಂದೆ ಅದೇ ವಿದ್ಯೆ ನನಗೆ ಅನ್ನ ಹಾಕಿತು. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆ ಮನೆಗೆ ಬಂದರೆ ಅವ್ವ ನನ್ನ ದುಪಟ್ಟಾ ಮೂಸಿ, "ಇವತ್ತು ಆ ಕೊಳೆತ ಬಳ್ಳೊಳ್ಳಿ ವಾಸನಿ ಔಷಧಿ ಮಾಡ್ಯಾರ," ಎಂದು ಹೇಳಿಬಿಡುತ್ತಾಳೆ. ಕಾರ್ಖಾನೆಯ ಗುಟ್ಟು ಕಾಯುವುದಕ್ಕೆ ನನಗೆ ಸಂಬಳ, ಬಯಲು ಮಾಡುವುದಕ್ಕೆ ಅವ್ವನಿಗೆ ಮೂಗು.

ನನ್ನ ಕೆಲಸದಲ್ಲಿ ಮುಖ್ಯವಾದದ್ದು ಓದುವುದು. ಯಾರು ಯಾವಾಗ ಲಾಗಿನ್ ಆದರು, ಯಾರ ಪಾಸ್‌ವರ್ಡ್ ತಪ್ಪಾಯಿತು, ಯಾರು ಯಾವ ಕಡತ ತೆರೆದರು ಎಂಬುದನ್ನೆಲ್ಲ ಸರ್ವರ್ ತನ್ನಷ್ಟಕ್ಕೆ ಬರೆದಿಡುತ್ತದೆ. ಶಾಲೆಯ ಹಾಜರಿ ಪುಸ್ತಕಕ್ಕಿಂತ ನೀರಸವಾದದ್ದು ಅದು. ದಿನಾ ಮುಂಜಾನೆ ಚಹಾ ಕುಡಿಯುತ್ತ ಹಿಂದಿನ ದಿನದ್ದನ್ನು ಓದುತ್ತೇನೆ. ಹೊರಗಿನವರು ಒಳಗೆ ಬಂದರೆ ಮೊದಲ ದಿನವೇ ಏನನ್ನೂ ಹೊತ್ತೊಯ್ಯುವುದಿಲ್ಲ. ಮೊದಲು ಮೆಲ್ಲಗೆ ಅರಿವಿ ಎತ್ತಿ ನೋಡುತ್ತಾರೆ. ಆ ಮಡಿಕೆ ತಿರುಗಿದ್ದನ್ನು ಹಿಡಿಯಬೇಕೆಂದರೆ ಅದು ಮೊದಲು ಯಾವ ಕಡೆಗಿತ್ತು ಎಂಬುದು ಗೊತ್ತಿರಬೇಕು. ಅದಕ್ಕೇ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ಚಾಳಿಗಳನ್ನು ಬರೆದಿಟ್ಟೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ "ಮಾಮೂಲು" ಎಂದು ಬರೆದೆ. ದಿನನಿತ್ಯದ್ದು ಎಂಬ ಅರ್ಥದಲ್ಲಿ ಬರೆದದ್ದು. ಆ ಮಾತಿಗೆ ಸರ್ಕಾರಿ ಕಚೇರಿಗಳಲ್ಲಿ ಇರುವ ಇನ್ನೊಂದು ಅರ್ಥ ನನಗೆ ಹೊಳೆಯಲೇ ಇಲ್ಲ. ಒಮ್ಮೆ ಮ್ಯಾನೇಜರು ಮೇಜಿನ ಮೇಲೆ ಅದನ್ನು ಕಂಡು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಯಾರ್ ಯಾರಿಗಿ ಕೊಡಾಕತ್ತೀರಿ ಇದು?" ಎಂದು ಕೇಳಿದರು. ಹಾಳೆ ತೆರೆದು ತೋರಿಸಿದೆ. ಮೊದಲ ಸಾಲಿನಲ್ಲಿ ಅವರದೇ ಚಾಳಿ ಇತ್ತು: "ಮ್ಯಾನೇಜರು: ಲಾಗಿನ್ ಆಗುತ್ತಾರೆ, ಮುಚ್ಚುವುದು ಮರೆಯುತ್ತಾರೆ." ಅವರು ನೋಟ್‌ಬುಕ್ ಮುಚ್ಚಿಟ್ಟು ಹೋದರು.

ಆ ನೋಟ್‌ಬುಕ್ಕಿನಲ್ಲಿ ನನಗೆ ಅತಿ ಪ್ರೀತಿಯ ಸಾಲು ಸ್ಟೋರ್‌ಕೀಪರರದು. ಕಚ್ಚಾ ಮಾಲಿನ ಡ್ರಮ್ಮುಗಳನ್ನು ನೋಡಿಕೊಳ್ಳುವ ಹಿರಿಯರು ಅವರು. ಹಳ್ಳಿಖೇಡದಿಂದ ಬರುತ್ತಾರೆ. ಕಬ್ಬಿನ ಹಂಗಾಮು ಬಂತೆಂದರೆ ದಾರಿ ತುಂಬ ಟ್ರ್ಯಾಕ್ಟರುಗಳು, ಆಗ ಅವರ ಲಾಗಿನ್ ಅರ್ಧ ತಾಸು ತಡ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದರೂ ನನ್ನನ್ನು "ಅಕ್ಕೋರೆ" ಎನ್ನುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳು ಅಕ್ಕೋರು. ನಾನು ಅವರಿಗೆ ಕಂಪ್ಯೂಟರ್ ಕಲಿಸಿದ್ದೆನಲ್ಲ, ಅದಕ್ಕೆ. ಬೇಡವೆಂದು ಎಷ್ಟು ಹೇಳಿದರೂ ಬಿಡಲಿಲ್ಲ.

ಕಲಿಸಿದ್ದು ಅಂದರೆ ಒಂದೇ ಬೆರಳಿನ ವಿದ್ಯೆ. ಪ್ರತಿ ಅಕ್ಷರವನ್ನೂ ಹುಡುಕಿ, ಸಿಕ್ಕಿತೆಂದು ಖುಷಿಪಟ್ಟು, ಒತ್ತುತ್ತಿದ್ದರು. ಆದರೆ ಒಂದು ವಿಚಿತ್ರ: ಅವರ ಪಾಸ್‌ವರ್ಡ್ ದಿನಾ ಮುಂಜಾನೆ ಒಮ್ಮೆ ತಪ್ಪಾಗುತ್ತಿತ್ತು, ಎರಡನೆಯ ಸಲ ಸರಿಯಾಗುತ್ತಿತ್ತು. ಒಂದು ದಿನವೂ ತಪ್ಪದ ತಪ್ಪು. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಕೂತರೂ ಅಷ್ಟೆ. ನನ್ನ ಅನುಮಾನದ ಬುದ್ಧಿ ಸುಮ್ಮನಿರಲಿಲ್ಲ. ಒಂದು ಮುಂಜಾನೆ ಹೋಗಿ ಅವರ ಹಿಂದೆಯೇ ನಿಂತೆ.

"ಏನ್ ಮಾಡಾಕತ್ತೀರಿ? ದಿನಾ ಒಮ್ಮೆ ಯಾಕ ತಪ್ತದ?"

ಅವರು ನಾಚಿಕೊಂಡರು. ಪಾಸ್‌ವರ್ಡ್ ನಾನೇ ಹಾಕಿಕೊಟ್ಟದ್ದು. ನಿಮ್ಮ ಮನಸ್ಸಿನಲ್ಲಿರುವ ಯಾರಾದರೊಬ್ಬರನ್ನು ನೆನೆಸಿಕೊಳ್ಳಿ ಎಂದಾಗ ಅಕ್ಷರ ಕಲಿಸಿದ ಮಾಸ್ತರರನ್ನು ನೆನೆದಿದ್ದರು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ "ಮಾಸ್ತರ್" ಎಂದು ಒತ್ತಿ, ಮುಂದೆ ಅವರ ಶಾಲೆಯ ಹಾಜರಿ ನಂಬರ್ ಸೇರಿಸಿದ್ದೆ.

"ಬರೇ ಮಾಸ್ತರ್ ಅಂತ ಹ್ಯಾಂಗ ಬರೀಲಿ ಅಕ್ಕೋರೆ? ಕೈ ಕೇಳಂಗಿಲ್ರಿ. ಮೊದಲ ಮಾಸ್ತರ್ರು ಅಂತ ಬರೀತದ. ಈ ಡಬ್ಬಿ ಒಲ್ಲೆ ಅಂತದ. ಆಮ್ಯಾಲ ಮನಸಿನ್ಯಾಗ ಮಾಫಿ ಕೇಳಿ ಮಾಸ್ತರ್ ಅಂತೀನ್ರಿ."

ನಾನು ನಕ್ಕೆ, ಬಹಳ ನಕ್ಕೆ. "ರು" ಸೇರಿಸಿ ಹೊಸದು ಹಾಕಿಕೊಡುತ್ತೇನೆಂದೆ. ಆಗ ಟ್ಯಾಂಕರ್ ಬಂತು, ಅವರು ಎದ್ದು ಹೋದರು, ನಾನೂ ಮರೆತೆ. ನೋಟ್‌ಬುಕ್ಕಿನಲ್ಲಿ ಮಾತ್ರ ಬರೆದುಕೊಂಡೆ: "ಸ್ಟೋರ್: ಒಂದು ತಪ್ಪು, ಒಂದು ಸರಿ. ಮಾಮೂಲು."

ಹೀಗೇ ಎರಡು ವರ್ಷ ನಡೆಯಿತು. ಒಂದು ಗುರುವಾರ ಮುಂಜಾನೆ ಚಹಾದ ಜೊತೆ ಓದುತ್ತಿದ್ದವಳು ಕಪ್ಪು ಕೆಳಗಿಟ್ಟೆ. ಹಿಂದಿನ ದಿನ ಮಧ್ಯಾಹ್ನ ಒಂದೂ ನಲವತ್ತಕ್ಕೆ ಸ್ಟೋರಿನ ಕಂಪ್ಯೂಟರಿನಿಂದ ಸ್ಟೋರ್‌ಕೀಪರರ ಹೆಸರಿನಲ್ಲಿ ಲಾಗಿನ್. ತಪ್ಪಿಲ್ಲ. ಒಂದೇ ಏಟಿಗೆ ಸರಿ.

ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಪಾಸ್‌ವರ್ಡ್ ತಪ್ಪಾದರೆ ಎಚ್ಚರಿಸುವ ಯಂತ್ರಗಳಿವೆ. ಸರಿಯಾದರೆ ಗಾಬರಿಯಾಗುವವಳು ನಾನೊಬ್ಬಳೇ. ಹಿಂದಕ್ಕೆ ಹೋಗಿ ನೋಡಿದೆ. ಮಂಗಳವಾರವೂ ಹಾಗೆಯೇ, ಸೋಮವಾರವೂ ಹಾಗೆಯೇ. ಮೂರೂ ದಿನ ಊಟದ ಹೊತ್ತು. ಲಾಗಿನ್ ಆದವನು ಔಷಧಿಗಳ ತಯಾರಿಕಾ ವಿಧಾನ ಇರುವ ಕಡತಗಳ ಪಟ್ಟಿಯ ತನಕ ಹೋಗಿ, ಹೆಸರುಗಳನ್ನು ನೋಡಿ, ಯಾವುದನ್ನೂ ತೆರೆಯದೆ ಮರಳಿದ್ದ. ಸ್ಟೋರ್‌ಕೀಪರರು ಡ್ರಮ್ಮಿನ ಲೆಕ್ಕ ಬಿಟ್ಟು ಬೇರೆ ಕಡೆ ಎಂದೂ ಹೋದವರಲ್ಲ. ಅರಿವಿಯ ಮಡಿಕೆ ಬಾಗಿಲ ಕಡೆ ತಿರುಗಿತ್ತು.

ಮೊದಲು ಓಡಿಹೋಗಿ ಸ್ಟೋರಿನ ಕಂಪ್ಯೂಟರಿನ ನೆಟ್‌ವರ್ಕ್ ವೈರ್ ಕಿತ್ತೆ. "ಯಾಕ್ರಿ ಅಕ್ಕೋರೆ?" ಎಂದರು ಸ್ಟೋರ್‌ಕೀಪರರು. "ರಿಪೇರಿ ಅದರಿ," ಎಂದು ಸುಳ್ಳು ಹೇಳಿ ಮ್ಯಾನೇಜರರ ಕೋಣೆಗೆ ಹೋದೆ.

ಅಲ್ಲಿ ನಾನೊಂದು ದಡ್ಡತನ ಮಾಡಿದೆ. ಮೊದಲು ಕಡತಗಳ ವಿಷಯ ಹೇಳಿದೆ, ತಪ್ಪು-ಸರಿಯ ವಿಷಯ ಆಮೇಲೆ ಹೇಳೋಣವೆಂದಿದ್ದೆ. ಮ್ಯಾನೇಜರು ಆಮೇಲೆ ಎನ್ನುವುದಕ್ಕೆ ಬಿಡಲಿಲ್ಲ.

"ಅವನ ಕಂಪ್ಯೂಟರ್, ಅವನ ಹೆಸರು. ಊಟದಾಗ ಅವ ಬಾಗಿಲ ಹಾಕ್ಕೊಂಡು ಒಳಗ ಒಬ್ಬನೇ ಇರ್ತಾನ. ಇನ್ನೇನ್ ಬೇಕ್ರಿ? ರಿಟೈರ್ ಆಗೂ ವಯಸ್ಸಿನ್ಯಾಗ ಯಾರಿಗೋ ಮಾರಾಕ ಹೊಂಟಾನ. ಇವತ್ತೇ ಮನಿಗಿ ಕಳಸ್ತೀನಿ."

ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ನಿಜ. ಡ್ರಮ್ಮುಗಳ ಹಿಂದೆ ಗೋಣಿತಟ್ಟು ಹಾಸಿ ಅರ್ಧ ತಾಸು ಮಲಗುತ್ತಿದ್ದರು, ಅದು ಇಡೀ ಕಾರ್ಖಾನೆಗೆ ಗೊತ್ತು. ಆದರೆ ಮಲಗಿದ್ದಕ್ಕೆ ಸಾಕ್ಷಿ ಯಾರು? ನನಗೆ ಅದಕ್ಕಿಂತ ಚುಚ್ಚಿದ್ದು ಇನ್ನೊಂದು. ನಿನ್ನೆಯ ತನಕ ಇದೇ ಮ್ಯಾನೇಜರ ಬಾಯಲ್ಲಿ "ಅವರು" ಇದ್ದವರು ಎರಡು ನಿಮಿಷದಲ್ಲಿ "ಅವ" ಆಗಿದ್ದರು. ಬದುಕಿರುವವರ "ರು" ಕಿತ್ತುಹಾಕುವುದು ಎಷ್ಟು ಸುಲಭ ನೋಡಿ. ಅಲ್ಲೊಬ್ಬರು ಎಂದೋ ತೀರಿಹೋದ ಮಾಸ್ತರರ "ರು" ಬಿಡಲಾಗದೆ ದಿನಾ ಒದ್ದಾಡುತ್ತಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಅವರು ಅನ್ರಿ ಸರ್," ಎಂದುಬಿಟ್ಟೆ. ನೋಟ್‌ಬುಕ್ಕನ್ನು ಅವರ ಮುಂದೆ ಹಾಕಿದೆ. ಎರಡು ವರ್ಷದ ಸರ್ವರ್ ದಾಖಲೆಯನ್ನೂ ತೆರೆದೆ. ಒಂದು ತಪ್ಪು, ಒಂದು ಸರಿ; ಒಂದು ತಪ್ಪು, ಒಂದು ಸರಿ; ಹಾಳೆ ಹಾಳೆ ಅದೇ. ಕೊನೆಗೆ ಮೂರು ಮಧ್ಯಾಹ್ನ ಬರೇ ಸರಿ.

ಮ್ಯಾನೇಜರು ಗದ್ದ ಕೆರೆದುಕೊಂಡರು. "ಖಾಲಿ ಇದರ ಮ್ಯಾಲ ಹ್ಯಾಂಗ ನಂಬೂದ್ರಿ? ಕರೀರಿ, ನನ್ನ ಮುಂದ ಲಾಗಿನ್ ಮಾಡ್ಲಿ. ಯಾಕಂತ ಹೇಳಬ್ಯಾಡ್ರಿ."

ಕರೆಸಿದರು. ಸ್ಟೋರ್‌ಕೀಪರರು ಕೈ ಒರೆಸಿಕೊಂಡು ಬಂದು, ಮ್ಯಾನೇಜರರ ಕಂಪ್ಯೂಟರಿನ ಮುಂದೆ ಕುರ್ಚಿಯ ತುದಿಗೆ ಬೀಳುವಂತೆ ಕೂತರು. ಯಾವುದೋ ಡ್ರಮ್ಮಿನ ಲೆಕ್ಕ ತೋರಿಸಿ ಎಂದರು ಮ್ಯಾನೇಜರು. ದೊಡ್ಡವರ ಮುಂದೆ ಎಲ್ಲರೂ ಹುಷಾರಾಗುತ್ತಾರೆ. ಇವರೂ ಇವತ್ತೊಂದು ದಿನ ಹುಷಾರಾಗಿ ಸರಿಯಾಗಿ ಒತ್ತಿಬಿಟ್ಟರೆ? ಒಬ್ಬರು ತಪ್ಪು ಮಾಡಲಿ ಎಂದು ನಾನು ಜೀವನದಲ್ಲಿ ಅಷ್ಟು ಬೇಡಿಕೊಂಡದ್ದು ಅದೊಂದೇ ಸಲ.

ಒಂದೊಂದೇ ಅಕ್ಷರ. ಬೆರಳು ಮೇಲೆ ಸುತ್ತಾಡುತ್ತದೆ, ಇಳಿಯುತ್ತದೆ. ಕಾಣಿಸುವುದು ಬರೀ ಚುಕ್ಕಿಗಳು. ನಾನು ಚುಕ್ಕಿಗಳನ್ನು ಎಣಿಸುತ್ತಿದ್ದೆ. ಹಾಜರಿ ನಂಬರಿನ ಸಾಲಿಗೆ ಬೆರಳು ಏರುವ ಮೊದಲು ಎರಡು ಅಕ್ಷರ ಹೆಚ್ಚಾಗಿ ಬಿದ್ದವು. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಪಾಸ್‌ವರ್ಡ್ ತಪ್ಪು.

ನಾನು ಜೋರಾಗಿ ಚಪ್ಪಾಳೆ ಹೊಡೆದೆ. ಸ್ಟೋರ್‌ಕೀಪರರು ಬೆಚ್ಚಿ ನನ್ನ ಮುಖ ನೋಡಿದರು. "ತಡೀರಿ ಅಕ್ಕೋರೆ, ಈಗ ಬರ್ತದರಿ," ಎಂದು ಸಮಾಧಾನ ಹೇಳಿ ಎರಡನೆಯ ಸಲ ಒತ್ತಿದರು. ಬಂತು.

ಆಮೇಲೆ ಸ್ಟೋರಿನ ಕಂಪ್ಯೂಟರ್ ಬಿಚ್ಚಿ ನೋಡಿದಾಗ ಅದರೊಳಗೆ ಕಳ್ಳ ಪ್ರೋಗ್ರಾಂ ಒಂದು ಕೂತಿತ್ತು. ಒತ್ತಿದ್ದನ್ನೆಲ್ಲ ಹೊರಗೆ ಯಾರಿಗೋ ಕಳಿಸುತ್ತಿತ್ತು. ಆ ಯಾರೋ ದೂರದಲ್ಲಿ ಕೂತು, ಇವರು ಮಲಗಿದ್ದಾಗ ಇದೇ ಕಂಪ್ಯೂಟರನ್ನು ನಡೆಸುತ್ತಿದ್ದ. ತಪ್ಪಾದದ್ದೂ ಸರಿಯಾದದ್ದೂ ಎರಡೂ ಅವನಿಗೆ ಸಿಕ್ಕಿದ್ದವು. ಬುದ್ಧಿವಂತ, ಸರಿಯಾದದ್ದನ್ನೇ ಆರಿಸಿಕೊಂಡಿದ್ದ. ಅದು ಒಳಗೆ ಬಂದದ್ದು ಹ್ಯಾಗೆಂದರೆ, ಹಿಂದಿನ ವಾರ ಒಂದು ಇಮೇಲ್ ಬಂದಿತ್ತು, "ಗೌರವಾನ್ವಿತರೇ" ಎಂದು ಶುರುವಾಗಿ, ಜೊತೆಗಿನ ಕಡತ ದಯವಿಟ್ಟು ತೆರೆಯಬೇಕೆಂದು ಕೇಳಿಕೊಂಡಿತ್ತು.

"ಅಷ್ಟು ಮರ್ಯಾದಿಲೆ ಕೇಳ್ಯಾರ, ಹ್ಯಾಂಗ ಇಲ್ಲ ಅನ್ಲಿ?" ಎಂದರು ಸ್ಟೋರ್‌ಕೀಪರರು.

ಮ್ಯಾನೇಜರು ಅವರಿಗೆ ಚಹಾ ತರಿಸಿದರು. "ಅವರು" ಮರಳಿ ಬಂದಿತ್ತು, ಜೊತೆಗೆ ಎರಡು "ರಿ" ಹೆಚ್ಚಿಗೆ. ನಡೆದದ್ದನ್ನು ನಾನು ವಿವರಿಸಿ, "ನಿಮ್ಮ ತಪ್ಪೇ ನಿಮ್ಮನ್ನು ಉಳಿಸ್ತು ನೋಡ್ರಿ," ಎಂದೆ. ಅವರ ಮುಖ ಸಣ್ಣದಾಯಿತು.

"ಅದು ಗಲತಿ ಅಲ್ರಿ ಅಕ್ಕೋರೆ."

ನೋಟ್‌ಬುಕ್ಕಿನಲ್ಲಿ "ಒಂದು ತಪ್ಪು" ಎಂಬುದನ್ನು ಹೊಡೆದುಹಾಕಿ "ಒಂದು ಮರ್ಯಾದೆ" ಎಂದು ಅವರ ಮುಂದೆಯೇ ತಿದ್ದಿದೆ.

ಹೊಸ ಪಾಸ್‌ವರ್ಡ್ ಹಾಕಬೇಕಿತ್ತು. ಈ ಸಲ ನನಗೂ ಹೇಳಬೇಡಿ, ನೀವೇ ಹಾಕಿಕೊಳ್ಳಿ, "ರು" ಸೇರಿಸಿಯೇ ಹಾಕಿಕೊಳ್ಳಿ ಎಂದು ಕಲಿಸಿಕೊಟ್ಟು ಮುಖ ತಿರುಗಿಸಿ ನಿಂತೆ. "ರು ಬ್ಯಾಡ್ರಿ. ಇದ್ದಂಗೇ ಇರ್ಲಿ, ನಿಮಗ ಗುರ್ತ ಸಿಗ್ತದ," ಎಂದು ಬಹಳ ಹೊತ್ತು ಟಕ್ ಟಕ್ ಎನಿಸಿದರು. ಮರುದಿನ ಮುಂಜಾನೆ ಚಹಾದ ಜೊತೆ ಓದಿದೆ: ಒಂದು ತಪ್ಪು, ಒಂದು ಸರಿ. ಮತ್ತೆ ಆ ಮಾಸ್ತರರನ್ನೇ ಬೇರೆ ಯಾವುದೋ ಹೆಸರಿನಲ್ಲಿ ಕೂರಿಸಿದ್ದಾರೆ ಅಂದುಕೊಂಡೆ. ಒಂದೂವರೆ ವರ್ಷ, ಕಬ್ಬಿನ ಟ್ರ್ಯಾಕ್ಟರುಗಳ ಹಂಗಾಮಿನಲ್ಲೂ, ಅದೇ ಸಾಲು ಓದಿ ದಿನ ಶುರುಮಾಡಿದೆ. ಇವತ್ತೂ ಅವರೇ ಬಂದಿದ್ದಾರೆ ಎಂದು ನೆಮ್ಮದಿಯಾಗುತ್ತಿತ್ತು.

ಈ ವರ್ಷ ಅವರು ನಿವೃತ್ತರಾದರು. ಹೋಗುವ ದಿನ ಕಾರ್ಖಾನೆಯ ರೂಢಿಯಂತೆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ನನ್ನ ಕೈಗೆ ಕೊಟ್ಟರು. ಈ ರೂಢಿಯ ಬಗ್ಗೆ ಕಂಪ್ಯೂಟರ್ ಬಲ್ಲವರು ಏನೆನ್ನುತ್ತಾರೆಂದು ನನಗೆ ಗೊತ್ತಿದೆ, ನಾನೂ ಅದನ್ನೇ ಅನ್ನುತ್ತೇನೆ. ಮರುದಿನ ಅವರ ಕಡತಗಳನ್ನು ಹೊಸಬರಿಗೆ ವರ್ಗಾಯಿಸಲು ಲಕೋಟೆ ಒಡೆದೆ. ಒಂದೇ ಬೆರಳಿನಿಂದ ಒತ್ತುವವರ ಕೈಬರಹ ಮುತ್ತಿನಂತಿತ್ತು. ಇಂಗ್ಲಿಷಿನ ನಾಲ್ಕು ಅಕ್ಷರ, ಮುಂದೆ ಅದೇ ಹಾಜರಿ ನಂಬರ್. ನಾಲ್ಕು ಅಕ್ಷರ ಕೂಡಿಸಿ ಓದಿದೆ: ಅಕ್ಕ.

ಅಂದರೆ ದಿನಾ ಮುಂಜಾನೆ ಮೊದಲು "ಅಕ್ಕೋರು" ಎಂದು ಬರೆದು, ಡಬ್ಬಿ ಒಲ್ಲೆ ಎಂದಮೇಲೆ, ಮನಸ್ಸಿನಲ್ಲಿ ನನ್ನ ಮಾಫಿ ಕೇಳಿ "ಅಕ್ಕ" ಎನ್ನುತ್ತಿದ್ದರು. ಒಂದೂವರೆ ವರ್ಷ. ನಾನು ಅದನ್ನು ತಪ್ಪು ಎಂದು ಓದುತ್ತಿದ್ದೆ.

ಕಣ್ಣೊರೆಸಿಕೊಂಡು ನಾಲ್ಕು ಅಕ್ಷರ, ನಂಬರ್ ಒತ್ತಿದೆ. ಬಾಗಿಲು ತೆರೆಯಿತು. ಕೆಲಸ ಮುಗಿಸಿ, ಮರುದಿನ ಮುಂಜಾನೆ ಎಂದಿನಂತೆ ಚಹಾ ಹಿಡಿದು ದಾಖಲೆ ಓದಿದೆ. ಸ್ಟೋರ್‌ಕೀಪರರ ಹೆಸರಿನ ಎದುರು ಒಂದೇ ಸಾಲು ಇತ್ತು. ತಪ್ಪಿಲ್ಲ, ಒಂದೇ ಏಟಿಗೆ ಸರಿ. ಯಾರೋ ಹೊರಗಿನವರು ಬಂದು ಹೋಗಿದ್ದರು.