ಬೆಲ್ಲ ನೀರಿನ ಜೊತೆ ಕೊಟ್ಟ ಪಾಸ್‌ವರ್ಡ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮಗಳ ಮದುವೆಯ ದಿನ, ಮುಹೂರ್ತಕ್ಕೆ ಇಪ್ಪತ್ತೇ ನಿಮಿಷ ಇರುವಾಗ, ಗಂಡಿನ ಕಡೆಯ ದಿಬ್ಬಣದವರ ಮೇಲೆ ನಾನು ಯಾಕೆ ಕೂಗಾಡಿದೆ ಎಂದು ನಿಮಗೆ ತಿಳಿಯುವುದಿಲ್ಲ. ಹೆಣ್ಣಿನ ತಾಯಿ ದಿಬ್ಬಣದವರಿಗೆ ಎದುರು ನಿಂತು ಜೋರಾಗಿ ಒಂದು ಮಾತಾಡಿದರೂ ನಮ್ಮ ಕಡೆ ಅದು ಹತ್ತು ವರ್ಷದ ಸುದ್ದಿ.

ಎಲ್ಲದಕ್ಕೂ ಕಾರಣ ನನ್ನ ಅಣ್ಣ. ವಿಮಾನಗಳೆಲ್ಲ ನಿಂತು ಹೋಗಿದ್ದ ವರ್ಷ ಅದು. ಅವನು ಗಲ್ಫಿನಲ್ಲಿ ಸಿಕ್ಕಿಬಿದ್ದಿದ್ದ. ಅವನಿಗೆ ಮಕ್ಕಳಿಲ್ಲ, ನನ್ನ ಮಗಳೇ ಅವನಿಗೆ ಎಲ್ಲ. ಅವಳನ್ನು ಮೊದಲ ದಿನ ಶಾಲೆಗೆ ಬಿಟ್ಟು ಬಂದು ಗೇಟಿನ ಹೊರಗೆ ನಿಂತು ಅತ್ತವನು ಅವನು, ನಾನಲ್ಲ. ಮಿಜಾರಿನ ಈ ಸಂಬಂಧವನ್ನು ಹುಡುಕಿ ಮಾತಾಡಿಸಿದ್ದೂ ಅವನೇ. ಮೂರು ಸಲ ಟಿಕೆಟ್ ಮಾಡಿದ, ಮೂರು ಸಲವೂ ಅದು ರದ್ದಾಯಿತು. ಕೊನೆಗೆ ಫೋನಿನಲ್ಲಿ ಹೇಳಿದ, "ನಾನು ಬಾರದಿದ್ದರೂ ಅಡ್ಡಿಯಿಲ್ಲ ತಂಗೀ. ಧಾರೆ ಆಗುವುದನ್ನು ಒಂದು ಸಲ ಕಣ್ಣಾರೆ ನೋಡ್ಬೇಕು, ಅಷ್ಟು ಮಾಡು."

ಅಷ್ಟೇ ಅಲ್ಲ. ಧಾರೆ ಎರೆಯುವ ಮೊದಲು ನಮ್ಮ ಮನೆಯಲ್ಲಿ ಹಿರಿಯರೊಬ್ಬರು ಸಭೆಗೆ ಕೈಮುಗಿದು ಅಪ್ಪಣೆ ಕೇಳುವ ಕ್ರಮ ಉಂಟು. ಮೊದಲ ಉತ್ತರ ಸೋದರಮಾವನದು. ಅವನು "ಅಪ್ಪಣೆ ಉಂಟು" ಎಂದ ಮೇಲೆ ಉಳಿದವರದು. ಆ ಮಾತನ್ನು ಅಣ್ಣ ಇಂಟರ್ನೆಟ್ಟಿನಲ್ಲೇ ಹೇಳುವುದೆಂದು ನಿಶ್ಚಯವಾಯಿತು.

ನಮ್ಮ ಮನೆ ವಾಮದಪದವಿನಿಂದ ಸ್ವಲ್ಪ ಒಳಗೆ, ತಗ್ಗಿನಲ್ಲಿ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡೆ ಹತ್ತಬೇಕು. ಮನೆಗೆ ಇದ್ದದ್ದು ಹಳೆಯ ಟೆಲಿಫೋನ್ ತಂತಿಯಲ್ಲಿ ಬರುವ ಡಿಎಸ್ಎಲ್ ಇಂಟರ್ನೆಟ್ ಒಂದೇ. ನಾನು ವಾರಗಟ್ಟಲೆ ಪರೀಕ್ಷೆ ಮಾಡಿದೆ. ಪರೀಕ್ಷೆ ಎಂದರೆ ಎಂತ? ದಿನವೂ ಸಂಜೆ ಅಣ್ಣನಿಗೆ ವಿಡಿಯೋ ಕಾಲ್ ಮಾಡುವುದು, ಅವನ ಮುಖ ಸರಿಯಾಗಿ ಕಾಣುತ್ತದೋ ನೋಡುವುದು. ಅವನ ಕನ್ನಡಕದ ಮೇಲಿನ ಗೀರು ಕೂಡ ಕಾಣುತ್ತಿತ್ತು! ನಮ್ಮ ಲೈನು ಭಾರೀ ಒಳ್ಳೆಯದುಂಟು ಎಂದು ನಾನು ಊರಿಡೀ ಹೇಳಿಕೊಂಡು ತಿರುಗಿದೆ.

ಮದುವೆ ಮನೆಯಂಗಳದಲ್ಲೇ. ಇಷ್ಟೇ ಜನ ಎಂಬ ನಿಯಮ ಇದ್ದದ್ದರಿಂದ ಚಪ್ಪರವೂ ಸಣ್ಣದು. ಮಂಟಪದ ಎದುರು ಒಂದು ಸ್ಟೂಲ್ ಇಟ್ಟು, ಅದರ ಮೇಲೆ ಮಗಳ ಲ್ಯಾಪ್‌ಟಾಪ್ ಇಟ್ಟು, ಅಣ್ಣನನ್ನು ಕರೆದು ಕೂರಿಸಿದೆ. ಅವನು ಅಲ್ಲಿಯೂ ಬಿಳಿ ಶರ್ಟು ಹಾಕಿ, ಹೆಗಲಿಗೆ ಜರಿ ಶಾಲು ಹೊದ್ದು, ನಗುತ್ತ ಕೂತಿದ್ದ. ದಿಬ್ಬಣ ಬಂದು ಬೆಲ್ಲ ನೀರು ಕುಡಿದು ಕೂತ ಮೇಲೆ ನನ್ನ ಗಂಡ ಕ್ಯಾಮರಾಕ್ಕೆ ಅಡ್ಡ ನಿಂತು ಪಂಚೆ ಸರಿಮಾಡಿಕೊಳ್ಳಲು ಶುರುಮಾಡಿದರು. "ನಿಮಗೆ ನಿಲ್ಲಲಿಕ್ಕೆ ಬೇರೆ ಜಾಗ ಇಲ್ವಾ?" ಎಂದು ಅಲ್ಲೇ ಬೈದೆ.

ಆ ಬೆಲ್ಲ ನೀರಿನದೂ ಒಂದು ಕಥೆ. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕ್ರಮ. ಆ ವರ್ಷ ನಾನು ಇನ್ನೊಂದನ್ನೂ ಕೊಟ್ಟೆ. ಬೆಲ್ಲದ ತಟ್ಟೆಯ ಪಕ್ಕದಲ್ಲಿ ವೈಫೈ ಪಾಸ್‌ವರ್ಡನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ನಿಲ್ಲಿಸಿದ್ದೆ. ಸಿಗ್ನಲ್ ಇಲ್ಲದ ಮನೆಯ ಹೆಣ್ಣು ಕೇಳಿದೆವು ಎಂದು ಮಿಜಾರಿನವರು ಆಡಿಕೊಳ್ಳಬಾರದಲ್ಲ! ಅವರಿಗೂ ಖುಷಿಯಾಯಿತು. "ಉಪಚಾರ ಅಂದ್ರೆ ಇದು" ಎಂದರು ಒಬ್ಬರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಗಳು ಶೃಂಗಾರ ಮುಗಿಸಿ ಹೊರಗೆ ಬಂದಳು. ನಾನು ಲ್ಯಾಪ್‌ಟಾಪಿನ ಕಡೆ ತಿರುಗಿ, "ಅಣ್ಣ, ಕಾಣ್ತದಾ?" ಎಂದೆ.

"ಚಂದ ಕಾಣ್ತದೆ," ಎಂದ ಅಣ್ಣ.

ಆದರೆ ಮುಖದಲ್ಲಿ ಮೊದಲಿನ ಅದೇ ನಗು. ಶಾಲೆಯ ಗೇಟಿನಲ್ಲಿ ಅತ್ತವನು ಮದುಮಗಳನ್ನು ನೋಡಿ ಹೀಗೆ ಕೂರುತ್ತಾನಾ? ನನಗೆ ಸಂಶಯ ಬಂತು. ಹೋಗಿ ಕ್ಯಾಮರಾದ ಮೇಲೆ ಅಂಗೈ ಇಟ್ಟು ಪೂರ್ತಿ ಮುಚ್ಚಿದೆ.

"ಈಗ ಕಾಣ್ತದಾ?"

"ಈಗಲೂ ಚಂದ ಕಾಣ್ತದೆ, ಮಾರಾಯ್ತಿ."

ನನ್ನ ರಕ್ತ ನೆತ್ತಿಗೇರಿತು. "ಸುಳ್ಳು ಹೇಳ್ತೀಯಾ? ನನ್ನ ಕೈ ಅಡ್ಡ ಉಂಟು ಅಣ್ಣ!"

ಅವನು ತಲೆ ತಗ್ಗಿಸಿದ. "ಚಿತ್ರ ಆಗಲೇ ನಿಂತುಹೋಗಿದೆ. ನಿನ್ನ ಸ್ವರ ಮಾತ್ರ ತುಂಡು ತುಂಡಾಗಿ ಬರ್ತದೆ. ನನಗೋಸ್ಕರ ಮುಹೂರ್ತ ತಪ್ಪಿಸ್ಬೇಡ. ಧಾರೆ ಎರೆಯಿರಿ, ನಾನು ಕೇಳಿಸಿಕೊಳ್ತೇನೆ."

ಕೇಳಿಸಿಕೊಳ್ಳುವುದಂತೆ! ಚಪ್ಪರದ ಮೂಲೆಯಲ್ಲಿ ನಮ್ಮ ಟೆಲಿಫೋನ್ ಲೈನ್‌ಮ್ಯಾನ್ ಇದ್ದ. ಬೆಳ್ತಂಗಡಿ ಕಡೆಯವನು, ಮದುವೆಗೆಂದೇ ಬಂದಿದ್ದ. ಬೆಲ್ಲ ಬಾಯಿಗೆ ಹಾಕುತ್ತಿದ್ದವನ ಕೈಹಿಡಿದು ಎಳೆದುಕೊಂಡು ಬಂದೆ. "ಎಂಥ ಲೈನು ಮಾರಾಯ ನಿನ್ನದು? ಅವನ ಮುಖ ನಮಗೆ ಕನ್ನಡಿಯ ಹಾಗೆ ಕಾಣ್ತದೆ, ನಮ್ಮದು ಅವನಿಗೆ ಯಾಕೆ ಇಲ್ಲ?"

"ಬರುವುದು ಬೇರೆ, ಹೋಗುವುದು ಬೇರೆ ಅಕ್ಕ," ಎಂದ ಅವನು. "ಇದು ಎಡಿಎಸ್ಎಲ್. ಬರುವ ದಾರಿ ಬಸ್ಸು ಹೋಗುವಷ್ಟು ಅಗಲ. ಹೋಗುವ ದಾರಿ ನಿಮ್ಮ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕದ ಹಾಗೆ, ಒಬ್ಬರು ದಾಟಬಹುದು ಅಷ್ಟೆ."

"ಯಾರು ಹಾಗೆ ಮಾಡಿದ್ದು?"

"ಮನೆಯಲ್ಲಿ ನೋಡುವವರೇ ಹೆಚ್ಚು, ಕಳಿಸುವವರು ಕಡಿಮೆ. ಅದಕ್ಕೆ ಹಾಗೆ. ಪೇಟೆಯ ಸೊಸೈಟಿಗೆ ಹಾಕಿದ್ದು ಎಸ್‌ಡಿಎಸ್ಎಲ್. ಅದರಲ್ಲಿ ಹೋಗುವುದೂ ಬರುವುದೂ ಸಮ. ಆದರೆ ಅದರಲ್ಲಿ ಸಿನಿಮಾ ನೋಡಲಿಕ್ಕೆ ಕೂತರೆ ನಿಮ್ಮದರಷ್ಟು ಓಡುವುದಿಲ್ಲ."

"ಯಾರಿಗೆ ಬೇಕು ಸಿನಿಮಾ! ಸಮ ಇರುವುದನ್ನು ಈಗಲೇ ಹಾಕು!"

"ಈಗ ಹೇಗೆ ಆಗ್ತದೆ ಅಕ್ಕ? ಅದರ ಯಂತ್ರವೇ ಬೇರೆ." ಅವನು ಒಳಗೆ ಹೋಗಿ ಮೋಡೆಮ್ ನೋಡಿದ. ಹೊರಗೆ ಬಂದು ಚಪ್ಪರದಲ್ಲಿ ಕೂತವರನ್ನು ನೋಡಿದ. ಎಲ್ಲರ ಕೈಯಲ್ಲೂ ಫೋನು. ಮದುಮಗಳ ವಿಡಿಯೋ ತೆಗೆಯುವುದು, ಸ್ಟೇಟಸ್‌ಗೆ ಹಾಕುವುದು, ಮುಂಬಯಿಯ ಅತ್ತೆಗೆ ಕಳಿಸುವುದು. "ಸಂಕದ ಮೇಲೆ ಇಡೀ ದಿಬ್ಬಣ ನಿಂತಿದೆ," ಎಂದ. "ಪಾಸ್‌ವರ್ಡ್ ಯಾರು ಕೊಟ್ಟದ್ದು?"

ಯಾರು ಕೊಟ್ಟದ್ದು! ನಾನು ರಟ್ಟನ್ನು ಕಿತ್ತು ಎಸೆದೆ. ಮಂಟಪದ ಪಕ್ಕ ನಿಂತು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂಗಿದೆ, "ಎಲ್ಲರೂ ವೈಫೈ ಆಫ್ ಮಾಡಿ! ಒಬ್ಬನೇ ಒಬ್ಬ ಫೋಟೊ ಕಳಿಸಬಾರದು! ನನ್ನ ಅಣ್ಣನಿಗೆ ಮದುವೆ ಕಾಣುವುದಿಲ್ಲ!"

ವಾಲಗದವರೂ ನಿಲ್ಲಿಸಿದರು. ಗಂಡಿನ ಚಿಕ್ಕಪ್ಪ ಎದ್ದು ನಿಂತರು, ಮುಖ ಕೆಂಪಾಗಿತ್ತು. ನನ್ನ ಗಂಡ "ಆಯ್ತು ಕಥೆ" ಎಂದು ಹಣೆಗೆ ಕೈಯಿಟ್ಟುಕೊಂಡರು. ಸಂಬಂಧ ಇಲ್ಲಿಗೇ ಮುರಿಯಿತೆಂದು ನನಗೂ ಅನ್ನಿಸಿತು.

ಆಗ ಗಂಡಿನ ತಾಯಿ ಎದ್ದರು. ಖಾಲಿ ಹರಿವಾಣವೊಂದನ್ನು ಎತ್ತಿಕೊಂಡು, ತಮ್ಮ ಫೋನನ್ನು ಆಫ್ ಮಾಡಿ ಅದರಲ್ಲಿ ಇಟ್ಟರು. ಸೀದಾ ಮೈದುನನ ಎದುರು ಹೋಗಿ ಹರಿವಾಣ ಚಾಚಿದರು. "ಸೋದರಮಾವ ನೋಡದೆ ಧಾರೆ ಹೇಗೆ ಆಗ್ತದೆ? ಇಡಿ ಇದರಲ್ಲಿ." ಚಿಕ್ಕಪ್ಪ ಇಟ್ಟರು. ಒಂದು ಸುತ್ತು ಬರುವಷ್ಟರಲ್ಲಿ ಹರಿವಾಣ ಫೋನುಗಳಿಂದ ತುಂಬಿತು. ಅವರನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು ನನಗೆ.

ಲೈನ್‌ಮ್ಯಾನ್ ಮೋಡೆಮ್ ಆಫ್ ಮಾಡಿ ಆನ್ ಮಾಡಿದ. ಅಣ್ಣನಿಗೆ ಮತ್ತೆ ಕರೆ ಮಾಡಿದೆ. ಅಣ್ಣನ ಮುಖ ಬಂತು, ಅದೇ ಸುಳ್ಳು ನಗು ಇಟ್ಟುಕೊಂಡು. ಆಮೇಲೆ ಆ ನಗು ಕರಗಿತು. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಬಂತಾ ಅಣ್ಣ?"

ಅವನು ತಲೆಯಾಡಿಸಿದ. ಹಿರಿಯರು ಕೈಮುಗಿದು ಅಪ್ಪಣೆ ಕೇಳಿದರು. ಇಡೀ ಚಪ್ಪರ ಲ್ಯಾಪ್‌ಟಾಪಿನ ಕಡೆ ನೋಡುತ್ತಿತ್ತು. ಅಣ್ಣ ಎರಡು ಸಲ ಬಾಯಿ ತೆರೆದು, ಮೂರನೆಯ ಸಲ "ಅಪ್ಪಣೆ ಉಂಟು" ಎಂದ. ಧಾರೆಯ ನೀರು ಬಿತ್ತು, ವಾಲಗ ಮೊಳಗಿತು, ನಾನು ಗಟ್ಟಿಯಾಗಿ ಅತ್ತೆ.

ಸಂಜೆ ದಿಬ್ಬಣ ಹೊರಟ ಮೇಲೆ ಅಣ್ಣ ಒಂದು ಫೋಟೊ ಕಳಿಸಿದ. ಬೆಳಿಗ್ಗೆ ಅವನ ಪರದೆಯಲ್ಲಿ ನಿಂತುಹೋಗಿದ್ದ ಚಿತ್ರವಂತೆ. ಅದರಲ್ಲಿ ಇದ್ದದ್ದು ನಾನು: ಬಾಯಿ ದೊಡ್ಡದಾಗಿ ತೆರೆದು, ಬೆರಳೆತ್ತಿ, ಗಂಡನಿಗೆ ಬೈಯುತ್ತಿದ್ದೆ. ಅದರ ಕೆಳಗೆ ಅವನು ಬರೆದಿದ್ದ: "ಅರ್ಧ ಗಂಟೆ ನನ್ನೆದುರು ಇದೊಂದೇ ಇತ್ತು ತಂಗೀ. ಚಂದ ಕಾಣ್ತದೆ ಎಂದದ್ದು ಸುಳ್ಳಲ್ಲ."

ಆ ಸಂಜೆ ನಾನು ಯಾರಿಗೂ ಬೈಯದೆ ತುಂಬ ಹೊತ್ತು ಜಗಲಿಯಲ್ಲಿ ಕೂತಿದ್ದೆ.