ಸುಲ್ತಾನ್ ಬತ್ತೇರಿಯ ಕಥೆ ಯಾರದ್ದು?

ಮಣ್ಣಗುಡ್ಡದ ನಮ್ಮ ಮನೆಯಿಂದ ಸುಲ್ತಾನ್ ಬತ್ತೇರಿಯವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ನಡೆಯುವ ಪದ್ಧತಿಯನ್ನು ಸ್ಥಾಪಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಅಗತ್ಯ, ಏಕೆಂದರೆ ಈಗ ಬೇರೆ ಯಾರೂ ಹೇಳುವುದಿಲ್ಲ.

ತೆಂಗಿನ ತೋಟಗಳ ನಡುವೆ ಇಳಿದು, ಫಲ್ಗುಣಿ ನದಿಯ ದಂಡೆ ಹಿಡಿದು, ಆ ಕಪ್ಪು ಕಲ್ಲಿನ ಕಾವಲು ಗೋಪುರ ತಲುಪುವುದು. ಶತ್ರುಗಳ ಹಡಗು ನದಿಗೆ ನುಗ್ಗದಂತೆ ಸುಲ್ತಾನ ಅದನ್ನು ಕಟ್ಟಿಸಿದ ವೃತ್ತಾಂತವನ್ನು ನಾನು ನಿವೃತ್ತ ಮೇಷ್ಟ್ರಿಗೆ ತಕ್ಕ ಗಾಂಭೀರ್ಯದಿಂದ ಹೇಳುವುದು. ಹೆಂಡತಿ ನೀರು ನೋಡುತ್ತಾ "ಹೌದಾ" ಎನ್ನುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ಒಂದು ದಿನವೂ ಅವಳು ಒಂದು ಪ್ರಶ್ನೆ ಕೇಳಲಿಲ್ಲ. ಶ್ರದ್ಧೆ ಹೆಚ್ಚಾದರೆ ಹಾಗೇ ಎಂದು ನಾನೂ ಸುಖವಾಗಿದ್ದೆ.

ಆಮೇಲೆ ಪಕ್ಕದ ಮನೆಗೆ ಬಾಯಮ್ಮ ಬಂದರು. ಕುವೈಟಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ನಡಿಗೆ ಬಿರುಸು, ನಗು ಅದಕ್ಕಿಂತ ಬಿರುಸು. ಕೆಲವೇ ವಾರಗಳಲ್ಲಿ ಅವರೂ ನನ್ನ ಹೆಂಡತಿಯೂ ಮುಂದೆ, ಸಂಸ್ಥಾಪಕರು ನೀರಿನ ಬಾಟಲಿ ಹಿಡಿದು ಹಿಂದೆ.

ಒಂದು ಭಾನುವಾರ ನಾನು ಏದುಸಿರು ಬಿಡುತ್ತಾ ಬತ್ತೇರಿ ತಲುಪುವಾಗ ಗೋಡೆಯ ಆಚೆ ಬದಿಯಿಂದ ಹೆಂಡತಿಯ ಸ್ವರ ಕೇಳಿತು.

"ಕಾವಲಿನವರು ಹಡಗು ನೋಡುವುದು ಎಂತದು ಬಾಯಮ್ಮ, ಅವರ ಕಣ್ಣೆಲ್ಲ ಮೀನಿನ ದೋಣಿ ಮೇಲೆ! ಕೆಳಗಿಂದ ಸಾಹೇಬ ಕೇಳಿದನಂತೆ, 'ಎಂತ ಕಾಣ್ತದೆ ಮಾರಾಯ?' ಮೇಲಿಂದ ಇವ, 'ಬೂತಾಯಿ ಮೀನು, ಸಾಹೇಬ್ರೇ! ರಾಶಿ ಉಂಟು!'"

ಬಾಯಮ್ಮ ಗಹಗಹಿಸಿ ನಕ್ಕದ್ದು ಕೇಳಿತು. ಆ ಕಥೆಗೆ ಮೀನಿನ ದೋಣಿ ಸೇರಿಸಿದ್ದು ನಾನು. ಅದನ್ನು ಹೇಳಿದಾಗಲೆಲ್ಲ ಇವಳ ತುಟಿ ಅಲುಗಿರಲಿಲ್ಲ. ಸಾಹೇಬ ಮಾತ್ರ ಅವಳ ಸೃಷ್ಟಿ, ಮತ್ತು, ಹೇಳಲು ಸಂಕಟವಾಗುತ್ತದೆ, ಸಾಹೇಬ ಬಂದ ಮೇಲೆಯೇ ಕಥೆ ಕಥೆಯಾದದ್ದು.

"ಇದೆಲ್ಲ ಎಲ್ಲಿ ಓದಿದ್ದು ನೀವು?"

"ಓದುವುದೆಂತ? ನಮ್ಮ ಮನೆಯವರು ಹೇಳ್ತಾರಲ್ಲ. ಅವರು ಹೇಳಿದರೆ ಉದ್ದ ಆಗ್ತದೆ. ನಾನು ಸ್ವಲ್ಪ ಕಟ್ ಮಾಡಿದ್ದು."

ನಾನು ಕೆಮ್ಮಿ ಪ್ರತ್ಯಕ್ಷನಾದೆ. ಬಾಯಮ್ಮ ಕಣ್ಣೊರೆಸಿಕೊಂಡು, "ಮಾಸ್ಟ್ರೇ, ನಿಮ್ಮ ಹೆಂಡತಿ ಹೇಳುವುದು ಕೇಳಬೇಕು ನೀವು!" ಎಂದರು. ಕೇಳಿದ್ದೇನೆ ಎಂದೆ. ದೋಣಿಯಲ್ಲಿ ಆಚೆ ದಡದ ತಣ್ಣೀರುಬಾವಿಗೆ ದಾಟುವಾಗ ಒಂದು ಮಾತೂ ಆಡಲಿಲ್ಲ. ನನ್ನ ಮೌನವನ್ನು ಯಾರೂ ಗಮನಿಸಲಿಲ್ಲವೆಂಬುದು ಅದರ ಏಕೈಕ ಫಲ.

ಆ ವಾರ ಸಂಜೆ ಚಹಾ ಕೊಡುತ್ತಾ ಹೆಂಡತಿ ಕೇಳಿದಳು: "ಈ ಭಾನುವಾರ ಬೋಳಾರದ ಹೊಳೆ ಬದಿಗೆ ಹೋಗುವ ಅಂತ ಉಂಟು. ಅಲ್ಲಿ ಹಂಚಿನ ಕಾರ್ಖಾನೆಯ ಹಳೇ ಚಿಮಣಿ ಉಂಟಲ್ಲ, ಅದರ ಕಥೆ ಎಂತ?"

ನನ್ನ ಎದೆ ಉಬ್ಬಿತು. ಕೊನೆಗೂ ಒಂದು ಪ್ರಶ್ನೆ! ಮರುಕ್ಷಣವೇ ಹೊಳೆಯಿತು, ಇದು ಭಾನುವಾರ ಬಾಯಮ್ಮನಿಗೆ ಹೇಳಲು ಸರಕು. ನಾನು ಚಹಾ ಹೀರಿ, "ನನಗೆ ಗೊತ್ತಿಲ್ಲ" ಎಂದೆ. ಜೀವಮಾನದಲ್ಲಿ ಆ ವಾಕ್ಯ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ಹೌದಾ? ಪರವಾಗಿಲ್ಲ. ಬಾಯಮ್ಮನನ್ನೇ ಕೇಳ್ತೇನೆ. ಅವರ ಅಪ್ಪ ಅಲ್ಲೇ ಕೆಲಸದಲ್ಲಿದ್ದದ್ದಂತೆ."

ಅವಳು ಬಾಗಿಲವರೆಗೆ ಹೋಗಿದ್ದಳು. "ಇಲ್ಲಿ ಕೂತುಕೋ" ಎಂದೆ. "ಚಿಕ್ಕದಾಗಿ ಹೇಳ್ತೇನೆ."