ಹಳದಿ ಸೀರೆಯ ಹೆದರಿಕೆ

ಹೊಸ ಸೀರೆಯ ಗಂಜಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಬನಹಟ್ಟಿಯ ತವರಿನಲ್ಲಿರುತ್ತೇನೆ. ಮೊನ್ನೆ ಜಮಖಂಡಿಯ ಅಂಗಡಿಯಲ್ಲೂ ಹಾಗೇ ಆಯಿತು. ಮಗಳ ಹತ್ತನೇ ತರಗತಿಯ ಬೀಳ್ಕೊಡುಗೆಗೆ ಸೀರೆ ಬೇಕಿತ್ತು. ಜೊತೆಗೆ ನನ್ನ ಅವ್ವನೂ ಬಂದಿದ್ದಳು.

ನಮ್ಮದು ನೇಕಾರರ ಮನೆ. ಹೊಸದಾಗಿ ಹೂಡಿದ ಹಾಸುನೂಲಿನ ಮೊದಲ ಸೀರೆ ಮಗ್ಗದಿಂದ ಇಳಿದಾಗ ಅದನ್ನು ಯಾರದಾದರೂ ಹೆಗಲಿಗೆ ಹಾಕಿ, ಬಿಸಿಲಿನಲ್ಲಿ ನಿಲ್ಲಿಸಿ ಬಣ್ಣ ನೋಡುವುದು ವಾಡಿಕೆ. ಯಾರದಾದರೂ ಎಂದರೆ ಪ್ರತಿ ಸಲವೂ ಚಿಕ್ಕಪ್ಪನ ಮಗಳು ಶೋಭಾ. ಅವಳು ಬೆಳ್ಳಗಿದ್ದಳು. ನಾನು ಒಳಗೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಒಮ್ಮೆ ಶೋಭಾ ಊರಲ್ಲಿರಲಿಲ್ಲ. ಹಳದಿ ಸೀರೆಯೊಂದು ಇಳಿದಿತ್ತು. ಯಾರೂ ಕರೆಯದಿದ್ದರೂ ನಾನೇ ಅದನ್ನು ಹೊದ್ದು ಅಂಗಳಕ್ಕೆ ಓಡಿದೆ. ಅವ್ವ ಬಂದು ರಟ್ಟೆ ಹಿಡಿದು ಎಳೆದಳು.

“ಒಳಗ ಬಾ ಬೇ! ನಮ್ಮಂಥ ಮೈಗೆ ಹಳದಿ ಒಪ್ಪೂದಿಲ್ಲ. ಕಾಫಿ ಬಣ್ಣನ ಛಲೋ.”

ನೋಡಿ, ಅವ್ವನೂ ನನ್ನಷ್ಟೇ ಕಪ್ಪು. ಅದಕ್ಕೇ ನನಗೆ ದುಪ್ಪಟ್ಟು ಸಿಟ್ಟು ಬಂತು. ಬೆಳ್ಳಗಾಗಿಯೇ ತೋರಿಸುತ್ತೇನೆಂದು ಆ ಬೇಸಿಗೆಯೆಲ್ಲ ಹಾಲಿನ ಕೆನೆ ಕದ್ದು ಮುಖಕ್ಕೆ ಬಳಿದುಕೊಂಡೆ. ಬಂದ ಲಾಭ ಇಷ್ಟೇ: ಓಣಿಯ ಬೆಕ್ಕು ನನ್ನ ಬೆನ್ನು ಬಿಡದಾಯಿತು. ಮುಂದೆ ಮದುವೆಯಾಯಿತು, ಮಗಳು ಹುಟ್ಟಿದಳು, ಬಣ್ಣದ ಗೊಡವೆ ಬಿಟ್ಟೆ ಅಂದುಕೊಂಡೆ. ಅಂದುಕೊಳ್ಳುವುದಕ್ಕೇನು!

ಅಂಗಡಿಯಲ್ಲಿ ಮಗಳು ಎತ್ತಿಕೊಂಡದ್ದು ಹಳದಿ ಸೀರೆಯನ್ನೇ. ಅವಳೂ ನಮ್ಮ ಬಣ್ಣದವಳೇ.

“ಅದ ಬ್ಯಾಡ, ಕಾಫಿ ಬಣ್ಣದ್ದು ನೋಡು,” ಎಂದಿತು ನನ್ನ ಬಾಯಿ. ಅವ್ವ ತಟ್ಟನೆ ನನ್ನತ್ತ ತಿರುಗಿದಳು. ನನಗೆ ನಾಚಿಕೆಯಾಯಿತು.

“ಯಾಕ ಬ್ಯಾಡ? ನನಗ ಇದ ಒಪ್ಪತೈತಿ,” ಎಂದ ಮಗಳು ಸೆರಗು ಹೊದ್ದು ಕನ್ನಡಿಯ ಮುಂದೆ ನಿಂತಳು. ಖರೆ ಹೇಳುತ್ತೇನೆ, ಒಪ್ಪಿತ್ತು. ಎದೆ ತುಂಬಿ ಬಂತು.

ಅವ್ವ ಮಾತ್ರ ಮೊಮ್ಮಗಳನ್ನು ನೋಡಲಿಲ್ಲ. ಅಂಗಡಿಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: “ನಾ ಹೊಸಾ ಮದಲಗಿತ್ತಿ ಇದ್ದಾಗ ಹಳದಿ ಸೀರಿ ಉಟ್ಟಿದ್ನಿ. ಓಣಿ ಮಂದಿ ಎಲ್ಲಾ ನಕ್ಕಿದ್ರು. ನಿನಗೂ ನಗಬಾರ್ದಂತ ಅವತ್ತ ಒಳಗ ಎಳಕೊಂಡ್ನಿ.”

ಇಷ್ಟು ವರ್ಷ ಅವಳು ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ಈಗ ಯಾರೂ ನಗಲಿಲ್ಲಲ್ಲ?” ಎಂದಳು ಅವ್ವ.

“ಇಲ್ಲ ಬೇ ಯವ್ವ, ಯಾರೂ ನಗಲಿಲ್ಲ.”

ಅವ್ವ ಗೋಡೆಗೆ ಬೆನ್ನು ಆನಿಸಿ, ಕಾಲು ಚಾಚಿ ಕೂತು, ಆಗ ಮೊಮ್ಮಗಳನ್ನು ಕಣ್ತುಂಬ ನೋಡಿದಳು.